ಎರಡು ಹೊತ್ತಿನ ಹಾಲಿನ ನಡುವೆ ಒಂದು ದಿನ ಬೆಂಗಳೂರು

ರಾಗಿ ಕೊಯ್ದು ಮೆದೆ ಹಾಕಿ ಆಯ್ತು. ಅವರೆಗೆ ಸೊಗಡು ಏರಿದೆ. ಬೆಳಿಗ್ಗೆ ಏಳು ಗಂಟೆಗೂ ಹೆಸರಘಟ್ಟ ಕಡೆ ನೋಡಿದ್ರೆ ಮಂಜು ಬಿಟ್ಟು ಬೇರೇನೂ ಕಾಣಲ್ಲ. ವರ್ಷದಲ್ಲಿ ನಮ್ಮಂಥವರಿಗೆ ಸ್ವಲ್ಪ ಉಸಿರಾಡೋಕೆ ಬಿಡುವು ಸಿಗೋದು ಈ ಒಂದು ತಿಂಗಳಲ್ಲೇ. ಮಕ್ಕಳಿಗೂ ಅದು ಗೊತ್ತು. ಅದಕ್ಕೇ ಈ ದಿನಗಳಲ್ಲಿ ಎಲ್ಲ ಮನೇಲೂ ಒಂದು ಮಾತು ಏಳುತ್ತೆ: “ಎಲ್ಲಾರೂ ಸೇರಿ ಒಂದಿನ ಬೆಂಗಳೂರಿಗೆ ಹೋಗೋಣ.”

ಸೋಲದೇವನಹಳ್ಳಿಯವರು ಬೆಂಗಳೂರಿಗೆ ಹೋಗೋಕೆ ಪ್ಲಾನ್ ಮಾಡ್ಬೇಕಾ ಅಂತ ನಗಬಹುದು. ಬೆಂಗಳೂರೇ ನಮ್ಮ ಹೊಲದ ಬದುವಿಗೆ ಬಂದು ನಿಂತಿದೆ. ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಲೇಔಟು. ನಾವೂ ತಿಂಗಳಿಗೆ ನಾಲ್ಕು ಸಲ ಸಿಟಿಗೆ ಹೋಗಿ ಬರ್ತೀವಿ. ಆದ್ರೆ ಹೋಗೋದು ಯಾತಕ್ಕೆ? ಆಸ್ಪತ್ರೆ, ಖಾತೆ ಕೆಲಸ, ಛತ್ರದಲ್ಲಿ ಮದುವೆ, ಮಾರ್ಕೆಟ್ಟು. ಕೆಲಸ ಮುಗೀತಿದ್ದಂಗೆ ಬಸ್ ಹತ್ತೋದು. ನೋಡೋಕೆ ಅಂತಲೇ ಮನೆಮಂದಿಯೆಲ್ಲ ಸೇರಿ ಹೋಗಿ, ಆರಾಮಾಗಿ ಕೂತು, ತಿಂದು, ಸುತ್ತಾಡಿ ಬಂದ ದಿನ ಎಷ್ಟು ಅಂತ ಹಸು ಕಟ್ಟಿರೋ ಯಾವ ಮನೇಲಾದ್ರೂ ಕೇಳಿ ನೋಡಿ.

ಈ ವರ್ಷ ನಮ್ಮನೇಲಿ ಆ ದಿನಕ್ಕೆ ಕೂತು ಲೆಕ್ಕ ಹಾಕಿದ್ವಿ. ಹಾಕ್ತಾ ಹಾಕ್ತಾ ಒಂದು ವಿಷಯ ಸ್ಪಷ್ಟ ಆಯ್ತು. ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಬರೀತಿದ್ದೀನಿ.

ಯಾರು ಉಳಿಯೋದು?

ಎಲ್ಲರೂ ಪ್ಲಾನ್ ಶುರು ಮಾಡೋದು ಎಲ್ಲಿಗೆ ಹೋಗೋದು ಅನ್ನೋದರಿಂದ. ಮಕ್ಕಳು ಒಂದು ಹೇಳ್ತಾರೆ, ಗಂಡಸರು ಒಂದು ಹೇಳ್ತಾರೆ, ಅರ್ಧ ಗಂಟೆ ಗಲಾಟೆ. ಅಷ್ಟೊತ್ತಿಗೆ ಕೊಟ್ಟಿಗೆ ಕಡೆಯಿಂದ ಒಂದು ದನಿ ಬರುತ್ತೆ: “ನಾನಿರ್ತೀನಿ, ನೀವು ಹೋಗ್ಬನ್ನಿ.” ಅಲ್ಲಿಗೆ ಮಾತು ಮುಗೀತು. ಎಲ್ಲರಿಗೂ ಒಳಗೊಳಗೇ ಸಮಾಧಾನ. ಸರಿ, ಹಸು ನೋಡ್ಕೊಳ್ಳೋಕೆ ಜನ ಆಯ್ತು.

ನಮ್ಮನೇಲಿ ಆ ದನಿ ನಮ್ಮತ್ತೆಯದು. ಅವರು ಈ ಮನೆಗೆ ಸೊಸೆಯಾಗಿ ಬಂದು 41 ವರ್ಷ. ಈ 41 ವರ್ಷದಲ್ಲಿ ಕೊಟ್ಟಿಗೇಲಿ ಹಸು ಇಲ್ಲದ ದಿನ ಅಂತ ಒಂದೂ ಇಲ್ಲ. ಮೊದಲು ನಾಟಿ ಹಸು, ಆಮೇಲೆ ಸೀಮೆಹಸು. ನನ್ನ ಮಗಳು ಏಳನೇ ಕ್ಲಾಸು. ಕೂತ್ಕೊಂಡು ಲೆಕ್ಕ ಮಾಡಿದಳು: 41 ವರ್ಷ, ವರ್ಷಕ್ಕೆ 365 ದಿನ, ದಿನಕ್ಕೆ ಎರಡು ಹೊತ್ತು. 29,930. ಬಾಣಂತನ, ಕಾಯಿಲೆ, ನೆಂಟರ ಮನೆ ಎಲ್ಲ ಕಳೆದರೂ ಇಪ್ಪತ್ತೈದು ಸಾವಿರ ಹೊತ್ತಿಗೆ ಮೋಸ ಇಲ್ಲ. “ಅಜ್ಜಿ, ಇಷ್ಟು ಸಲ ಹಾಲು ಕರೆದಿದ್ದೀಯ ನೀನು” ಅಂದ್ಲು. ಅತ್ತೆ ನಕ್ಕು, “ಅಷ್ಟೇನಾ?” ಅಂದ್ರು.

ಅವರನ್ನ ಬೆಂಗಳೂರಿಗೆ ಬನ್ನಿ ಅಂದ್ರೆ ಬರೋ ಉತ್ತರ ಒಂದೇ: “ನನಗ್ಯಾಕವ್ವ ಬೆಂಗ್ಳೂರು? ನೋಡಿಲ್ವ ನಾನು?” ನೋಡಿದ್ದಾರೆ ನಿಜ. ನಮ್ಮ ಮಾವನವರು ಆಸ್ಪತ್ರೇಲಿದ್ದಾಗ ಮೂರು ವಾರ ವರಾಂಡದಲ್ಲಿ ಮಲಗಿ ನೋಡಿದ್ದಾರೆ. ನೆಂಟರ ಮದುವೆಗಳ ಛತ್ರ ನೋಡಿದ್ದಾರೆ. ಪಾಲುಪತ್ರಕ್ಕೆ ಸಹಿ ಹಾಕೋಕೆ ಹೋಗಿ ಆಫೀಸಿನ ಮೆಟ್ಟಿಲು ನೋಡಿದ್ದಾರೆ.

ಇದು ಬರೀ ನಮ್ಮತ್ತೆ ವಿಷಯ ಆಗಿದ್ರೆ ಇಲ್ಲಿ ಬರೀತಿರಲಿಲ್ಲ. ಅವರಾದ ಮೇಲೆ ‘ನಾನಿರ್ತೀನಿ’ ಅನ್ನೋ ಪಾಳಿ ನಂದು. ನನ್ನ ಮಗಳು ಇದನ್ನೆಲ್ಲ ನೋಡ್ತಿದ್ದಾಳೆ. ಈ ಹತ್ತು ವರ್ಷದಲ್ಲಿ ನಮ್ಮ ಸುತ್ತಮುತ್ತ ಎಷ್ಟು ಕೊಟ್ಟಿಗೆ ಖಾಲಿಯಾದವು ಲೆಕ್ಕ ಹಾಕಿ. ಹಾಲಿಗೆ ರೇಟಿಲ್ಲ, ಹಿಂಡಿ ಬೂಸಾ ದುಬಾರಿ, ಮೇವು ಬೆಳೆಯೋ ಜಾಗ ಸೈಟಾಯ್ತು. ಇವೆಲ್ಲ ನಿಜವಾದ ಕಾರಣಗಳೇ. ಆದ್ರೆ ಹಸು ಮಾರಿದ ಮನೆ ಹೆಂಗಸರನ್ನ ಒಂಟಿಯಾಗಿ ಸಿಕ್ಕಾಗ ಕೇಳಿದ್ರೆ ಇನ್ನೊಂದು ಕಾರಣ ಹೇಳ್ತಾರೆ: “ಒಂದಿನ ಬಿಡುವಿಲ್ಲ ಕಣಕ್ಕ.” ವರ್ಷಕ್ಕೆ ಒಂದು ದಿನದ ರಜೆಯೂ ಇಲ್ಲದ ಕೆಲಸಕ್ಕೆ ಮುಂದಿನವರು ಯಾರೂ ಬರಲ್ಲ. ಎಷ್ಟೇ ರೇಟು ಕೊಟ್ಟರೂ ಬರಲ್ಲ.

ಅದಕ್ಕೇ ನಾನು ಹೇಳೋದು: ಪ್ಲಾನು ಶುರುವಾಗಬೇಕಾದ್ದು ಜಾಗದಿಂದ ಅಲ್ಲ, ನಿಮ್ಮನೇಲಿ ‘ನಾನಿರ್ತೀನಿ’ ಅನ್ನೋರಿಂದ. ಅವರು ಹೊರಡೋ ಹಂಗಿದ್ರೆ ಮಾತ್ರ ಅದು ಮನೆಮಂದಿಯ ದಿನ. ಅವರ ಮೊಣಕಾಲು, ಅವರ ಊಟದ ಹೊತ್ತು, ಅವರ ಆಸೆ ಮೊದಲು. ಮಿಕ್ಕಿದ್ದು ಆಮೇಲೆ.

ಯಾವ ದಿನ?

ಚಳಿಗಾಲದಲ್ಲಿ ಬೆಂಗಳೂರಲ್ಲಿ ನೋಡೋಕೆ ಏನು ಕಮ್ಮಿ ಇಲ್ಲ. ಒಂದೊಂದನ್ನೇ ನಮ್ಮ ಹೊಲ, ಕೊಟ್ಟಿಗೆ ಲೆಕ್ಕಕ್ಕೆ ಹಾಕಿ ನೋಡೋಣ.

ಮೊದಲು ಬರೋದು ನವೆಂಬರಿನಲ್ಲಿ ಜಿಕೆವಿಕೆ ಕೃಷಿ ಮೇಳ. ನಾಲ್ಕು ದಿನ. ನಮಗೆ ಹತ್ತಿರ, ಯಲಹಂಕ ಕಡೆಯಿಂದ ಹೋದ್ರೆ ಸಿಟಿ ಒಳಗೆ ಹೋಗೋದೇ ಬೇಡ. ಆದ್ರೆ ಅದು ಸುತ್ತಾಟ ಅಲ್ಲ, ಕೆಲಸ. ತಳಿ ನೋಡ್ಬೇಕು, ಮೆಷಿನ್ ರೇಟು ಕೇಳ್ಬೇಕು, ಸಸಿ ಹೊತ್ಕೊಂಡು ಬರಬೇಕು. ಬಿಸಿಲಲ್ಲಿ ಮಳಿಗೆಯಿಂದ ಮಳಿಗೆಗೆ ನಡೆದು ಮಕ್ಕಳು ಸೋತು ಹೋಗ್ತಾರೆ. ಅದನ್ನ ಬೇರೆಯಾಗೇ ಇಟ್ಕೊಳ್ಳಿ.

ಆಮೇಲೆ ಬಸವನಗುಡಿ ಕಡಲೆಕಾಯಿ ಪರಿಷೆ, ಕಾರ್ತೀಕದ ಕಡೇ ಸೋಮವಾರ. ಇದು ನಮ್ಮಂಥವರದೇ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆ ರೈತರು ಕಡಲೆಕಾಯಿ ಬೆಳೀತಿದ್ರಂತೆ, ಬಸವ ಬಂದು ಬೆಳೆ ಮೇಯ್ತಿತ್ತಂತೆ, ಮೊದಲ ಫಸಲು ನಿನಗೇ ಅಂತ ಹರಕೆ ಹೊತ್ತರಂತೆ. ಆ ಊರುಗಳಲ್ಲಿ ಈಗ ಕಡಲೆಕಾಯಿ ಬಿತ್ತೋಕೆ ಒಂದು ಗುಂಟೆ ಇಲ್ಲ. ಕಾಯಿ ಕೋಲಾರ, ಚಿಕ್ಕಬಳ್ಳಾಪುರ, ಆಂಧ್ರ, ತಮಿಳುನಾಡಿನಿಂದ ಬರುತ್ತೆ. ಹೊಲ ಹೋದರೂ ಪರಿಷೆ ಉಳೀತು. ಒಂದು ಸಲವಾದ್ರೂ ಮಕ್ಕಳಿಗೆ ತೋರಿಸಿ, ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದ್ರೆ ಎರಡು ತೊಂದರೆ. ಆ ಹೊತ್ತಿಗೆ ನಮ್ಮ ರಾಗಿ ಹೊಲದಲ್ಲಿರುತ್ತೆ. ಬಂಗಾಳ ಕೊಲ್ಲಿಲಿ ವಾಯುಭಾರ ಕುಸಿತ ಅಂದ್ರೆ ಸಾಕು, ಕೊಯ್ದು ಹಾಕಿದ ರಾಗಿ ಹತ್ರ ಓಡಬೇಕು. ಎರಡನೇದು ಜನ. ಬುಲ್ ಟೆಂಪಲ್ ರಸ್ತೇಲಿ ಕಾಲಿಡೋಕೆ ಜಾಗ ಇರಲ್ಲ. ಮೊಣಕಾಲು ನೋವಿನವರಿಗೆ ಅದು ಆಗಲ್ಲ.

ಡಿಸೆಂಬರ್ ಕೊನೇ ವಾರ ಮಕ್ಕಳಿಗೆ ಕ್ರಿಸ್‌ಮಸ್ ರಜೆ ಬಂದ್ರೆ ಇಡೀ ಊರಿಗೇ ರಜೆ. ಕಬ್ಬನ್ ಪಾರ್ಕು, ಮ್ಯೂಸಿಯಮ್ಮು ಎಲ್ಲೂ ಕ್ಯೂ. ಆಗ ಒಕ್ಕಣೆ ಬೇರೆ ನಡೀತಿರುತ್ತೆ.

ಸಂಕ್ರಾಂತಿ ದಿನ ಆಗೋದೇ ಇಲ್ಲ. ಹಸು ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸೋ ಹಬ್ಬದಲ್ಲಿ ಮನೆ ಬಿಟ್ಟು ಎಲ್ಲಿಗೆ ಹೋಗೋದು?

ಹಂಗಾಗಿ ನಮಗೆ ಕೂಡಿ ಬರೋದು ಸಂಕ್ರಾಂತಿ ಕಳೆದ ಮೇಲೆ. ರಾಗಿ ಮನೆಗೆ ಬಂದಿರುತ್ತೆ, ಮಳೆ ಭಯ ಇಲ್ಲ, ಬಿಸಿಲು ಚುರುಗುಟ್ಟಲ್ಲ. ಆ ಹೊತ್ತಿಗೆ ಸರಿಯಾಗಿ ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ. ಶನಿವಾರ, ಭಾನುವಾರ, ಜನವರಿ 26 ಈ ಮೂರೂ ಬೇಡವೇ ಬೇಡ. ವಾರದ ನಡುವೆ ಮಂಗಳವಾರವೋ ಬುಧವಾರವೋ ಹೋಗ್ಬೇಕು. ಮಕ್ಕಳಿಗೆ ಒಂದು ದಿನ ಸ್ಕೂಲಿಗೆ ರಜೆ ಹಾಕಿಸಿದ್ರೆ ಏನೂ ಮುಳುಗಿ ಹೋಗಲ್ಲ. ನಾವು ಆರಿಸಿರೋದು ಬುಧವಾರ.

ಹೊರಡೋ ದಿನ ಗೊತ್ತು ಮಾಡೋ ಮುಂಚೆ ಕ್ಯಾಲೆಂಡರ್ ಜೊತೆ ಕೊಟ್ಟಿಗೆಯನ್ನೂ ನೋಡಿ. ಕರು ಹಾಕೋ ಹಸು ಇದ್ರೆ ದಿನ ತುಂಬೋಕೆ ಹತ್ತು ದಿನ ಮುಂಚೆಯಿಂದಲೇ ಬೇಡ. ಕರು ಹಾಕಿದ ಮೊದಲ ಮೂರ್ನಾಲ್ಕು ದಿನವೂ ಬೇಡ, ಹಾಲುಜ್ವರ ಬಂದು ಹಸು ಬೀಳೋದು ಆಗಲೇ. ಬೆದೆಗೆ ಬರೋ ದಿನದ ಲೆಕ್ಕ ಇಡಿ, 21 ದಿನಕ್ಕೊಂದು ಸಲ. ಬೆಳಿಗ್ಗೆ ಬೆದೆ ಕಂಡ್ರೆ ಸಂಜೆ ಇಂಜೆಕ್ಷನ್ ಹಾಕಿಸ್ಬೇಕು. ಆ ಸಂಜೆ ನೀವು ಊರಲ್ಲಿ ಇಲ್ಲ ಅಂದ್ರೆ ಮತ್ತೆ ಮೂರು ವಾರ ಕಾಯ್ಬೇಕು.

ಹೋಗೋ ದಾರಿ

ನಮ್ಮೂರಿಗೆ ರೈಲು ನಿಲ್ದಾಣ ಇದೆ, ಹಾಸನದ ಲೈನು. ಆದ್ರೆ ನಿಲ್ಲೋ ಗಾಡಿ ಕಮ್ಮಿ, ನಮ್ಮ ಹೊತ್ತಿಗೆ ಕೂಡಲ್ಲ. ಚಿಕ್ಕಬಾಣಾವರಕ್ಕೆ ಹೋದ್ರೆ ತುಮಕೂರು ಕಡೆಯ ಗಾಡಿಗಳೂ ಸಿಗುತ್ತವೆ. ಆದ್ರೂ ಮನೆಮಂದಿ ಸಮೇತ ಹೋಗೋಕೆ ನಾನು ಹೇಳೋದು ಹೆಸರಘಟ್ಟ ರಸ್ತೇಲಿ ಬಸ್ಸಿನಲ್ಲಿ ಎಂಟನೇ ಮೈಲಿ, ಅಲ್ಲಿಂದ ದಾಸರಹಳ್ಳಿ ಮೆಟ್ರೊ. ಬಸ್ಸಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ಮರೀಬೇಡಿ. ಸ್ವಂತ ಗಾಡಿ ತಗೊಂಡು ಹೋಗೋರು ನಾಗಸಂದ್ರದಲ್ಲಿ ನಿಲ್ಲಿಸಿ ಮೆಟ್ರೊ ಹತ್ತಬಹುದು. ನಮ್ಮ ಕಡೆಯಿಂದ ಹೋಗೋ ಹಸಿರು ಲೈನು 2017ರಿಂದ ಒಂದೇ ರೈಲು: ಯಶವಂತಪುರ, ಮೆಜೆಸ್ಟಿಕ್ಕು, ಕೆ.ಆರ್. ಮಾರ್ಕೆಟ್ಟು, ನ್ಯಾಷನಲ್ ಕಾಲೇಜು, ಅದರ ಮುಂದಿಂದೇ ಲಾಲ್‌ಬಾಗ್. ಎಲ್ಲೂ ಇಳಿದು ಬದಲಾಯಿಸೋ ಹಂಗಿಲ್ಲ. ವಯಸ್ಸಾದೋರಿಗೆ ಲಿಫ್ಟ್ ಇದೆ. ಎಸ್ಕಲೇಟರ್ ಹತ್ತೋಕೆ ಹೆದರ್ತಾರೆ ಅಂತ ನಾಚ್ಕೊಳ್ಳಬೇಡಿ, ಸಿಬ್ಬಂದಿ ಕೇಳಿದ್ರೆ ಲಿಫ್ಟ್ ತೋರಿಸ್ತಾರೆ.

ಈ ದಾರೀಲಿ ಹೋಗುವಾಗ ಮಕ್ಕಳಿಗೆ ಒಂದು ಕಥೆ ಹೇಳಿ. ಇದು ಪುರಾಣ ಅಲ್ಲ, ನಡೆದಿದ್ದು. ಬೆಂಗಳೂರಿಗೆ ಮೊದಲ ಸಲ ಕೊಳಾಯಿ ನೀರು ಹೋಗಿದ್ದು ನಮ್ಮ ಕಡೆಯಿಂದ. 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಕೆರೆ ಕಟ್ಟಿದರು. ನೀರು ಇಟ್ಟಿಗೆ ಕಾಲುವೇಲಿ ಇಳಿಜಾರಿಗೆ ಹರ್ಕೊಂಡು ನಮ್ಮ ಸೋಲದೇವನಹಳ್ಳಿಗೆ ಬರ್ತಿತ್ತು. ಇಲ್ಲಿ ಪಂಪ್‌ಹೌಸ್. ಉಗಿ ಯಂತ್ರದಿಂದ ನೀರೆತ್ತಿ ಮಲ್ಲೇಶ್ವರದ ಕಡೆಗೆ ತಳ್ಳೋರು. 1933ರಲ್ಲಿ ತಿಪ್ಪಗೊಂಡನಹಳ್ಳಿ ಬರೋ ತನಕ ಇದೇ ನೀರು ಆ ಊರಿಗೆ ದೊಡ್ಡ ಆಧಾರ. ನೀರು ನಮ್ಮೂರಿಂದ ಹೋಯ್ತು, ಹಾಲು ಈಗಲೂ ಹೋಗುತ್ತೆ, ಸೊಪ್ಪು, ಹೂವು, ಅವರೆಕಾಯಿ ಎಲ್ಲ ಹೋಗುತ್ತೆ. ಹಂಗಿದ್ದ ಮೇಲೆ ನಾವು ಹೋಗೋಕೆ ಸಂಕೋಚ ಯಾಕೆ?

ಟೈಮಿನ ಲೆಕ್ಕ

ಈಗ ಕೆಲಸದ ಮಾತು. ನಮ್ಮಲ್ಲಿ ಕರೆಯೋ ಹಸು ಮೂರು, ಒಂದು ಕಡಸು, ಎರಡು ಕರು. ಬೆಳಿಗ್ಗೆ ಐದಕ್ಕೆ, ಸಂಜೆ ಐದಕ್ಕೆ ಕರೆಯೋದು.

ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು, ಮೇವು ಹಾಕಿ, ಸಗಣಿ ಬಾಚಿ, ಸ್ನಾನ ತಿಂಡಿ ಮುಗಿಸಿ ಎಂಟೂಕಾಲಕ್ಕೆ ಹೊರಟರೆ ಲಾಲ್‌ಬಾಗ್ ಸೇರೋದು ಹತ್ತು ಗಂಟೆ. ಸಂಜೆ ಐದಕ್ಕೆ ಕೊಟ್ಟಿಗೇಲಿ ಇರಬೇಕು ಅಂದ್ರೆ ಅಲ್ಲಿಂದ ಮೂರು ಗಂಟೆ ಒಳಗೆ ಎದ್ದೇಳಬೇಕು. ಎಲ್ಲ ಸರಿಯಾಗಿ ನಡೆದ್ರೆ ಸಿಗೋದು ಐದು ಗಂಟೆಗಿಂತ ಕಮ್ಮಿ. ಕಾಗದದ ಮೇಲೆ ಸಾಕು ಅನ್ಸುತ್ತೆ. ಆದ್ರೆ ಎಂಟನೇ ಮೈಲಿ ಜಾಮ್ ಗೊತ್ತಲ್ಲ. ಅಲ್ಲಿ ಒಂದು ಲಾರಿ ಕೆಟ್ಟು ನಿಂತ್ರೆ ಮುಗೀತು. ತುಂಬಿದ ಕೆಚ್ಚಲು ಇಟ್ಕೊಂಡು ಹಸು ಒದರ್ತಿರುತ್ತೆ, ತಡವಾದಷ್ಟೂ ಹಾಲು ಸೋರುತ್ತೆ, ಕೆಚ್ಚಲು ಬಾವಿಗೂ ದಾರಿ. ಆ ‘ತಡ ಆಗಿಬಿಟ್ರೆ’ ಅನ್ನೋ ಭಯಕ್ಕೇ ಒಬ್ಬರು ಮನೇಲಿ ಉಳಿಯೋದು. ಮಧ್ಯಾಹ್ನ ನೀರು ಮೇವು ಯಾರಾದ್ರೂ ಹಾಕಿಯಾರು. ಅತ್ತೆ ಉಳೀತಿರೋದು ಸಂಜೆ ಹಾಲಿಗೆ.

ಅಂದ್ರೆ ಇಡೀ ಪ್ಲಾನು ನಿಂತಿರೋದು ಒಂದೇ ಒಂದು ಹೊತ್ತಿನ ಹಾಲಿನ ಮೇಲೆ. ಆ ಒಂದು ಹೊತ್ತಿಗೆ ದಾರಿ ಸಿಕ್ಕರೆ ಐದೂ ಜನ ಹೋಗ್ಬಹುದು. ರಾತ್ರಿ ಎಂಟಕ್ಕೆ ಬಂದರೂ ನಡೆಯುತ್ತೆ.

ಮುಯ್ಯಿ

ದಾರಿ ಹೊಸದೇನಲ್ಲ. ನಾಟಿಗೆ, ಕಳೆಗೆ, ಕೊಯ್ಲಿಗೆ ನಮ್ಮ ಹಿರಿಯರು ಮುಯ್ಯಾಳು ಮಾಡ್ತಿದ್ರು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಲೆಕ್ಕ ಮಾತ್ರ ಇದೆ. ಮೆಷಿನ್ ಬಂದ ಮೇಲೆ ಹೊಲದಲ್ಲಿ ಮುಯ್ಯಿ ಹೋಯ್ತು. ಕೊಟ್ಟಿಗೆಗೆ ಅದನ್ನ ಯಾಕೆ ತರಬಾರದು?

ಪಕ್ಕದ ಮನೆ ಅಕ್ಕನ್ನ ಕೇಳಿದೆ. ಅವರದ್ದು ಎರಡು ಹಸು. “ಒಂದು ಸಂಜೆ ನಮ್ಮ ಹಸು ನೀವು ಕರೀರಿ. ನಿಮಗೆ ಬೇಕಾದ ದಿನ ನಿಮ್ಮ ಹಸು ನಾವು ಕರೀತೀವಿ.” ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಇದನ್ನೇ ಕೇಳೋಣ ಅಂತಿದ್ದೆ, ಏನಂದ್ಕೊಳ್ತೀಯೋ ಅಂತ ಸುಮ್ಮನಾದೆ” ಅಂದ್ರು. ಎರಡು ಮನೆ ನಡುವೆ ಇರೋದು ಒಂದು ಬೇಲಿ. ಇಷ್ಟು ವರ್ಷ ಇಬ್ಬರೂ ಬಾಯಿಬಿಟ್ಟಿರಲಿಲ್ಲ.

ಆದ್ರೆ ಹಸುಗೆ ಮುಯ್ಯಿ ಅಂದ್ರೆ ಕಳೆ ಕಿತ್ತಂಗಲ್ಲ. ಬೀಗದ ಕೈ ಕೊಟ್ಟು ಹೊರಟ್ರೆ ಆಗಲ್ಲ. ನಾವು ಮಾಡ್ತಿರೋದು ಹೀಗೆ:

ಒಂದು, ಕೈ ಪರಿಚಯ. ಕೆಚ್ಚಲು ತೊಳೆದು ಒರೆಸಿದ ಒಂದು ನಿಮಿಷಕ್ಕೆ ಹಸು ಹಾಲು ಇಳಿಸುತ್ತೆ. ಐದಾರು ನಿಮಿಷದೊಳಗೆ ಕರೆದು ಮುಗಿಸ್ಬೇಕು, ಆಮೇಲೆ ಇಳಿಯಲ್ಲ. ಹೊಸಬರನ್ನ ಕಂಡು ಹೆದರಿದ್ರೆ ಹಸು ಹಾಲು ಇಳಿಸೋದೇ ಇಲ್ಲ, ಎಷ್ಟೇ ಎಳೆದರೂ ಅಷ್ಟೇ. ಅದಕ್ಕೆ ಅಕ್ಕ ಒಂದು ವಾರ ಮುಂಚೆಯಿಂದ ಸಂಜೆ ಬರ್ತಿದ್ದಾರೆ. ಮೊದಲೆರಡು ದಿನ ಬೂಸಾ ಹಾಕಿ ಪಕ್ಕದಲ್ಲಿ ನಿಂತ್ರು ಅಷ್ಟೇ. ಮೂರನೇ ದಿನ ಅತ್ತೆ ಎದುರಿಗೇ ಕರೆದ್ರು. ಗೌರಿ ಅನ್ನೋದು ನಮ್ಮಲ್ಲಿ ಸ್ವಲ್ಪ ಹಟಮಾರಿ. ಮೊದಲ ಸಂಜೆ ಒಂದೂವರೆ ಲೀಟರ್ ಹಿಡ್ಕೊಂಡಿತು. ನಿನ್ನೆ ಸಂಜೆಗೆ ಬರೀ ಅರ್ಧ ಲೀಟರ್ ಕಮ್ಮಿ. ಅಷ್ಟು ಹೋದ್ರೆ ಹೋಗ್ಲಿ. ಮೆಷಿನ್ನಲ್ಲಿ ಕರೆಯೋರಿಗೆ ಈ ತೊಂದರೆ ಕಮ್ಮಿ, ಆದ್ರೂ ಮೆಷಿನ್ ಬಿಚ್ಚೋದು ತೊಳೆಯೋದು ಒಂದು ಸಲ ತೋರಿಸಿ.

ಎರಡು, ಕರೆಯೋ ಸಾಲು. ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಕಾಲು ಕಟ್ಟಬೇಕು, ಯಾವ ಮೊಲೆ ಗಟ್ಟಿ, ಎಲ್ಲ ಹೇಳಿ. ಕೆಚ್ಚಲು ಬಾವು ಇದ್ದ ಹಸುವನ್ನ ಕೊನೆಗೆ ಕರೀಬೇಕು, ಇಲ್ಲದಿದ್ರೆ ಕೈಯಿಂದ ಇನ್ನೊಂದಕ್ಕೆ ಅಂಟುತ್ತೆ.

ಮೂರು, ಮೇವು. ಹಸಿ ಮೇವು ಹಿಂದಿನ ಸಂಜೆಯೇ ಕೊಯ್ದು ತಂದಿಡಿ. ಕತ್ತರಿಸಿ ಗುಡ್ಡೆ ಹಾಕಬೇಡಿ, ಒಳಗೆ ಬಿಸಿಯೇರಿ ಹಾಳಾಗುತ್ತೆ. ನೆರಳಲ್ಲಿ ತೆಳುವಾಗಿ ಹರಡಿ. ಹಿಂಡಿ, ಬೂಸಾ ಒಂದೊಂದು ಹಸುದು ಬೇರೆ ಬೇರೆ ಬಕೆಟ್ಟಿಗೆ ಅಳೆದು ಮುಚ್ಚಿಡಿ. ಯಾರದೋ ಮನೆ ಬೂಸಾ ಮೂಟೆ ಅಳೆಯೋ ಫಜೀತಿ ಅವರಿಗೆ ಬೇಡ. ನೀರಿನ ಬಾನಿ ಬೆಳಿಗ್ಗೆ ತುಂಬಿಸಿ ಹೊರಡಿ, ಕರೆಂಟು ನಂಬ್ಕೋಬೇಡಿ.

ನಾಲ್ಕು, ಡೇರಿ. ನಿಮ್ಮ ಹಾಲು ನಿಮ್ಮ ಕ್ಯಾನಲ್ಲಿ, ನಿಮ್ಮ ನಂಬರಿಗೇ ಬೀಳಬೇಕು. ಎರಡು ಮನೆ ಹಾಲು ಬೆರೆಸಿದ್ರೆ ಫ್ಯಾಟು, ಡಿಗ್ರಿ ಎರಡೂ ಗೊಂದಲ. ನಾಳೆ ಮನಸ್ತಾಪಕ್ಕೆ ಅಷ್ಟೇ ಸಾಕು. ಡೇರಿಯವರಿಗೆ ಹಿಂದಿನ ದಿನವೇ ಹೇಳಿಡಿ.

ಐದು, ದನದ ಡಾಕ್ಟರ ನಂಬರ್ ಕೊಟ್ಟಿಗೆ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಇದು ಮುಯ್ಯಿ ಇದ್ರೂ ಇಲ್ಲದಿದ್ರೂ ಇರಬೇಕಾದ್ದು.

ಆರು, ತೀರಿಸೋ ದಿನ. ಇದನ್ನ ಬಾಯಿಮಾತಲ್ಲಿ ‘ಯಾವಾಗಾದ್ರೂ’ ಅಂತ ಬಿಡಬೇಡಿ. ಅಕ್ಕನ ಮನೆಯವರು ಫೆಬ್ರವರಿಯಲ್ಲಿ ಒಂದು ಭಾನುವಾರ ಹೇಳಿದ್ದಾರೆ, ನಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೀವಿ. ಎಲ್ಲಿಗೆ ಹೋಗ್ತಾರೆ ಅನ್ನೋದು ಅವರಿಗೆ ಸೇರಿದ್ದು. ಅವತ್ತು ಸಂಜೆ ಐದಕ್ಕೆ ಅವರ ಕೊಟ್ಟಿಗೇಲಿ ಇರೋದು ನಮ್ಮ ಸಾಲ.

ಅಲ್ಲಿ ಏನು ನೋಡೋದು?

ಇದು ಸಣ್ಣ ವಿಷಯ, ಬೇಗ ಹೇಳಿಬಿಡ್ತೀನಿ. ಲಾಲ್‌ಬಾಗ್ 240 ಎಕರೆ. ಎಲ್ಲಾ ನೋಡೋಕೆ ಹೋಗ್ಬೇಡಿ. ಮೆಟ್ರೊ ಇಳಿದ ಕಡೆ ಪಶ್ಚಿಮದ ಗೇಟು ಹತ್ತಿರ. ಮೊದಲು ಗಾಜಿನಮನೆಗೆ ಹೋಗಿ ಹೂವು ನೋಡಿಬಿಡಿ. ಅದು ಕಟ್ಟಿದ್ದು 1889ರಲ್ಲಿ, ಹೆಚ್ಚು ಕಮ್ಮಿ ನಮ್ಮ ಹೆಸರಘಟ್ಟ ಕೆರೆ ವಾರಿಗೆಯದು. ಹನ್ನೊಂದರ ಮೇಲೆ ಜನ ಹೆಚ್ಚಾಗ್ತಾರೆ. ಬೇರೆ ದಿನಗಳಲ್ಲಿ ನಡೆಯೋಕಾಗದವರಿಗೆ ಬ್ಯಾಟರಿ ಗಾಡಿ ಇರುತ್ತೆ, ಪ್ರದರ್ಶನದ ಜನಸಂದಣೀಲಿ ಅದನ್ನ ನಂಬ್ಕೊಂಡು ಹೋಗ್ಬೇಡಿ. ಅಜ್ಜಿಯರನ್ನ ದೊಡ್ಡ ಬಿಳಿ ಬೂರುಗದ ಮರದ ಕಡೆ ಕೂರಿಸಿ. ಅದರ ಬುಡ ನೋಡೋಕೇ ಅರ್ಧ ಗಂಟೆ ಬೇಕು. ಮಕ್ಕಳು ಬಂಡೆ ಹತ್ತಲಿ. ಮೇಲೆ ಕೆಂಪೇಗೌಡರ ಗೋಪುರ, ಕೆಳಗಿನ ಕಲ್ಲಿಗೆ 300 ಕೋಟಿ ವರ್ಷ ವಯಸ್ಸು. ಬೋರ್‌ವೆಲ್ ಕೊರೆಸುವಾಗ ನಮಗೆ ಅಡ್ಡ ಬರೋದು ಇದೇ ಜಾತಿ ಕಲ್ಲು ಅಂತ ಹೇಳಿದ್ರೆ ಅವರಿಗೆ ಚೆನ್ನಾಗಿ ಅರ್ಥ ಆಗುತ್ತೆ.

ರೈತರು ಅಲ್ಲಿ ನೋಡಲೇಬೇಕಾದ್ದು ಇನ್ನೊಂದಿದೆ. ನಮ್ಮ ಹಾಪ್‌ಕಾಮ್ಸ್ ಹುಟ್ಟಿದ್ದು 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಹಿಂದೆ ನಿಂತವರು ತೋಟಗಾರಿಕೆ ಇಲಾಖೆಯ ಎಂ.ಎಚ್. ಮರಿಗೌಡರು. ದಲ್ಲಾಳಿ ಕೈ ತಪ್ಪಿಸಿ ಬೆಳೆದವನೇ ಮಾರಲಿ ಅಂತ. ಅದರ ಮುಖ್ಯ ಕಚೇರಿ ಲಾಲ್‌ಬಾಗಿನಲ್ಲೇ ಇದೆ.

ಊಟಕ್ಕೆ ಬುತ್ತಿ ಕಟ್ಟೋದು ಬೇಡ ಅಂತ ನನ್ನ ಹಟ. ಬುತ್ತಿ ಅಂದ್ರೆ ಹೆಂಗಸರು ಮೂರೂವರೆಗೆ ಏಳೋದು. ಅವತ್ತೊಂದು ದಿನ ಕೂತು ಬಡಿಸ್ಕೊಂಡು ತಿನ್ನೋಣ. ಲಾಲ್‌ಬಾಗ್ ಹತ್ತಿರದ ಎಂಟಿಆರ್ 1924ರದ್ದು, ಅಲ್ಲಿ ಸೋಮವಾರ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು, ಅಲ್ಲಿ ಶುಕ್ರವಾರ ರಜೆ. ಎರಡೂ ಕಡೆ ಕಾಯಬೇಕಾಗುತ್ತೆ. ಹಸಿದ ಮಕ್ಕಳಿದ್ರೆ ಯಾವುದಾದ್ರೂ ದರ್ಶಿನಿ ಸಾಕು. ಡಿಸೆಂಬರ್ ಕೊನೆಯಿಂದ ಜನವರಿ ಶುರುವಿನಲ್ಲಿ ಹೋಗೋರಿಗೆ ವಿ.ವಿ. ಪುರದ ಕಡೆ ಅವರೆಬೇಳೆ ಮೇಳವೂ ಸಿಗುತ್ತೆ. ಅಲ್ಲಿ ಒಂದು ಪ್ಲೇಟ್ ತಿಂಡಿಗೆ ಕೊಡೋ ದುಡ್ಡು, ನಾವು ಒಂದು ಕೆ.ಜಿ. ಕಾಯಿಗೆ ತಗೊಂಡ ದುಡ್ಡು ಎರಡನ್ನೂ ಮಕ್ಕಳ ಹತ್ರ ಲೆಕ್ಕ ಮಾಡಿಸಿ. ಬೇಳೆ ಹಿದುಕೋ ಕೈಗೆ ಬೆಲೆ ಎಷ್ಟು ಅನ್ನೋದು ಆಗ ತಿಳಿಯುತ್ತೆ.

ಬನ್ನೇರುಘಟ್ಟ ಅಂತ ನಮ್ಮ ಹುಡುಗ ಕೇಳ್ದ. ಅದು ಊರಿನ ಆ ತುದಿ, ನಮ್ಮದು ಈ ತುದಿ. ಮುಯ್ಯಿ ಇದ್ರೂ ಒಂದು ದಿನಕ್ಕೆ ಅಜ್ಜಿಗೆ ಆಯಾಸ. ಬೇಸಿಗೆ ರಜೆಗೆ ಅವರಪ್ಪನ ಜೊತೆ ಹೋಗ್ಲಿ. ಮಂಗಳವಾರ ಮಾತ್ರ ಬೇಡ, ಅಲ್ಲಿ ರಜೆ.

ಈಗ ಎಲ್ಲಿಗೆ ಬಂದಿದೆ?

ಅತ್ತೆ ಇನ್ನೂ ಬಾಯಿಬಿಟ್ಟು ‘ಬರ್ತೀನಿ’ ಅಂದಿಲ್ಲ. ಮೊನ್ನೆ ಅಕ್ಕ ಗೌರಿ ಹತ್ರ ಕೂತಾಗ ಕಂಬಕ್ಕೆ ಒರಗಿ ಕೊನೇ ಹನಿ ತನಕ ನೋಡ್ತಾ ನಿಂತಿದ್ರು. “ಕೈ ಪರವಾಗಿಲ್ಲ” ಅಂದ್ರು. ಅವರ ಬಾಯಲ್ಲಿ ಇದು ದೊಡ್ಡ ಸರ್ಟಿಫಿಕೇಟು. ರಾತ್ರಿ ಊಟಕ್ಕೆ ಕೂತಾಗ, “ಆ ಮೆಟ್ರೊದಲ್ಲಿ ಚಪ್ಪಲಿ ಹಾಕ್ಕೊಂಡೇ ಕೂರಬಹುದಾ?” ಅಂತ ಮಗಳನ್ನ ಕೇಳಿದ್ರು. ಇಷ್ಟು ಸಾಕು ನನಗೆ.

ಊರಲ್ಲಿ, ತರಬನಹಳ್ಳಿ, ಗಾಣಿಗರಹಳ್ಳಿ ಕಡೆ ಇನ್ನೂ ಹಸು ಕಟ್ಟಿರೋ ಮನೆಗಳಿಗೆ ನಾನು ಕೇಳೋದು ಇಷ್ಟೇ. ಈ ವಾರ ಡೇರಿಗೆ ಕ್ಯಾನ್ ತಗೊಂಡು ಹೋದಾಗ ಪಕ್ಕದಲ್ಲಿ ನಿಂತಿರೋರನ್ನ ಒಂದು ಮಾತು ಕೇಳಿ: ಒಂದು ಸಂಜೆ ನಮ್ದು ನೀವು, ಒಂದು ಸಂಜೆ ನಿಮ್ದು ನಾವು. ದೊಡ್ಡ ಸಂಘ, ಸಭೆ, ಚಂದಾ ಏನೂ ಬೇಡ. ಎರಡು ಮನೆ ಸಾಕು. ಹತ್ತು ಜೋಡಿ ಮನೆ ಒಪ್ಪಿಕೊಂಡ್ರೆ ಇಪ್ಪತ್ತು ಮನೇಲಿ ‘ನಾನಿರ್ತೀನಿ’ ಅನ್ನೋರು ವರ್ಷಕ್ಕೊಂದು ದಿನ ಬಾಗಿಲಿಗೆ ಬೀಗ ಹಾಕಿ ಎಲ್ಲರ ಜೊತೆ ಹೊರಡ್ತಾರೆ.

ನೀವು ಲಾಲ್‌ಬಾಗಿಗೇ ಹೋಗ್ಬೇಕು ಅಂತಿಲ್ಲ. ಘಾಟಿಗೆ ಹೋಗಿ, ಶಿವಗಂಗೆಗೆ ಹೋಗಿ, ತವರುಮನೆಗೆ ಹೋಗಿ. ಸಂಜೆ ಐದಕ್ಕೆ ಹಸು ಒದರಿದ್ರೆ ಪಕ್ಕದ ಮನೆಯವರು ಬಕೆಟ್ ಹಿಡ್ಕೊಂಡು ಬರ್ತಿರಬೇಕು.

ಬುಧವಾರ ಕಳೆದ ಮೇಲೆ ಗೌರಿ ಎಷ್ಟು ಹಾಲು ಕೊಟ್ಟಿತು ಅಂತ ಬರೀತೀನಿ.